ಎರಡು ನಿಮಿಷದ ಥ್ರಿಲ್ಲರ್ ಆರಂಭ: ತಂತ್ರಗಳ ಪಟ್ಟಿಯಿಂದ ವಿಶ್ಲೇಷಣೆಯ ಕಡೆಗೆ

ಪ್ರಶ್ನೆ: ನಾನು ಪತ್ರಿಕೋದ್ಯಮ ಮತ್ತು ಸಮೂಹ ಸಂವಹನದ ಎರಡನೇ ವರ್ಷದ ಪದವಿ ವಿದ್ಯಾರ್ಥಿ. ನಮ್ಮ ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ಒಂದು ಥ್ರಿಲ್ಲರ್ ಸಿನಿಮಾದ ಆರಂಭವನ್ನಷ್ಟೇ ಫೋನಿನಲ್ಲಿ ಚಿತ್ರೀಕರಿಸಿದ್ದಾರೆ. ಅದರ ಅವಧಿ 1 ನಿಮಿಷ 52 ಸೆಕೆಂಡು. ಸಂಜೆ ಕಾಲೇಜಿನ ಗ್ರಂಥಾಲಯದಲ್ಲಿ ಒಬ್ಬಳೇ ಕುಳಿತ ಹುಡುಗಿಯನ್ನು ಯಾರೋ ಕಪಾಟಿನ ಸಂದಿಯಿಂದ ಗಮನಿಸುತ್ತಿರುತ್ತಾರೆ; ಪುಸ್ತಕವೊಂದರ ಚೀಟಿಯಲ್ಲಿ ಅವಳದೇ ರಿಜಿಸ್ಟರ್ ನಂಬರ್ ಕಾಣುತ್ತದೆ; ಕೊನೆಗೆ ದೀಪ ಆರಿ, ಕಿರುಚಾಟ ಕೇಳಿ, ಚಿತ್ರದ ಹೆಸರು ಬರುತ್ತದೆ. ಇದರಲ್ಲಿ ಬಳಸಿದ ತಂತ್ರಗಳ ಬಗ್ಗೆ 1,500 ಪದಗಳ ವಿಶ್ಲೇಷಣೆ ಬರೆಯಬೇಕಿತ್ತು. ಲೋ ಆಂಗಲ್, ಕ್ಲೋಸ್ ಅಪ್, ಮಂದ ಬೆಳಕು, ವೇಗದ ಕಟ್ಟಿಂಗ್ ಎಲ್ಲವನ್ನೂ ಗುರುತಿಸಿ ಬರೆದೆ. ಅಧ್ಯಾಪಕರು “ಇದು ಪಟ್ಟಿ, ವಿಶ್ಲೇಷಣೆಯಲ್ಲ” ಎಂದು ಹಿಂದಿರುಗಿಸಿದರು. ಟ್ಯೂಬ್‌ಲೈಟ್ ಮಿನುಗುವಂಥ ಕೆಲವು ಸಂಗತಿಗಳು ಬೇಕೆಂದೇ ಮಾಡಿದವೋ ತಪ್ಪಿ ಆದವೋ ತಿಳಿಯುತ್ತಿಲ್ಲ. ಹೇಗೆ ಬರೆಯಬೇಕು?

ಉತ್ತರ: ನಿಮ್ಮ ಬರಹವನ್ನು ಓದಿದೆ, ಚಿತ್ರವನ್ನೂ ಹಲವು ಬಾರಿ ನೋಡಿದೆ. ನಿಮ್ಮ ಅಧ್ಯಾಪಕರ ಮಾತು ಖಾರವಾಗಿದ್ದರೂ ಸರಿಯಾಗಿದೆ. “ಕ್ಲೋಸ್ ಅಪ್ ಪಾತ್ರದ ಭಾವನೆಯನ್ನು ತೋರಿಸುತ್ತದೆ”, “ಮಂದ ಬೆಳಕು ಭಯ ಹುಟ್ಟಿಸುತ್ತದೆ”, “ವೇಗದ ಕಟ್ಟಿಂಗ್ ಉದ್ವೇಗ ಹೆಚ್ಚಿಸುತ್ತದೆ” ಎಂದು ನೀವು ಬರೆದಿದ್ದೀರಿ. ಈ ಮೂರು ವಾಕ್ಯಗಳನ್ನು ಚಿತ್ರ ನೋಡದವರೂ ಬರೆಯಬಹುದು, ಮತ್ತು ಯಾವ ಥ್ರಿಲ್ಲರ್‌ಗೆ ಅಂಟಿಸಿದರೂ ಅವು ಅಂಟಿಕೊಳ್ಳುತ್ತವೆ. ಯಾವ ಚಿತ್ರಕ್ಕೂ ಹೊಂದುವ ವಾಕ್ಯ ಈ ಚಿತ್ರದ ಬಗ್ಗೆ ಏನನ್ನೂ ಹೇಳಿದಂತಾಗುವುದಿಲ್ಲ ಎಂಬುದೇ ಅವರ ಆಕ್ಷೇಪ.

ಥ್ರಿಲ್ಲರ್ ಎಂಬ ಪ್ರಕಾರದ ಕಚ್ಚಾವಸ್ತು ಭಯವೆಂದು ನಾವು ಸುಮ್ಮನೆ ಅಂದುಕೊಂಡಿರುತ್ತೇವೆ. ಕೆಲಸ ಮಾಡುವವರಿಗೆ ಅದರ ಕಚ್ಚಾವಸ್ತು ಮಾಹಿತಿ. ಯಾರಿಗೆ ಏನು ಗೊತ್ತು, ಯಾವಾಗ ಗೊತ್ತಾಯಿತು, ಯಾರಿಗೆ ಇನ್ನೂ ಗೊತ್ತಿಲ್ಲ ಎಂಬ ಲೆಕ್ಕಾಚಾರದ ಮೇಲೆ ಇಡೀ ಕಟ್ಟಡ ನಿಂತಿರುತ್ತದೆ. ಥ್ರಿಲ್ಲರ್‌ಗಳಿಗೆ ಹೆಸರಾದ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಅವರು ಫ್ರಾನ್ಸ್‌ನ ನಿರ್ದೇಶಕ ಫ್ರಾಂಸ್ವಾ ತ್ರೂಫೊ ಜೊತೆಗಿನ ಸಂದರ್ಶನದಲ್ಲಿ ಕೊಟ್ಟ ಮೇಜಿನಡಿಯ ಬಾಂಬಿನ ಉದಾಹರಣೆ ಸಿನಿಮಾ ತರಗತಿಗಳಲ್ಲಿ ಸವೆದುಹೋಗಿದ್ದರೂ ಇಲ್ಲಿ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಇಬ್ಬರು ಮಾತಾಡುತ್ತಿರುವಾಗ ಬಾಂಬು ಇದ್ದಕ್ಕಿದ್ದಂತೆ ಸಿಡಿದರೆ ಪ್ರೇಕ್ಷಕರಿಗೆ ಹದಿನೈದು ಸೆಕೆಂಡಿನ ಅಚ್ಚರಿ. ಬಾಂಬು ಅಲ್ಲಿದೆಯೆಂದು ಪ್ರೇಕ್ಷಕರಿಗೆ ಮೊದಲೇ ತಿಳಿಸಿ ಆ ಇಬ್ಬರಿಗೆ ತಿಳಿಸದಿದ್ದರೆ ಅದೇ ಮಾತುಕತೆ ಹದಿನೈದು ನಿಮಿಷದ ತಳಮಳವಾಗುತ್ತದೆ. ಎರಡೂ ಸಂದರ್ಭಗಳಲ್ಲಿ ಕ್ಯಾಮೆರಾ ಕೋನ, ಬೆಳಕು, ನಟನೆ ಒಂದೇ ಇರಬಹುದು. ಬದಲಾದದ್ದು ಮಾಹಿತಿಯ ಹಂಚಿಕೆ ಮಾತ್ರ. ಆದ್ದರಿಂದ ಪ್ರತಿ ಶಾಟ್‌ನ ಮುಂದೆ ನಿಂತು ನೀವು ಕೇಳಬೇಕಾದದ್ದು ಇಷ್ಟು: ಈ ಶಾಟ್‌ಗೆ ಮೊದಲು ನನಗೆ ಗೊತ್ತಿರದ ಯಾವ ಸಂಗತಿ ಈಗ ಗೊತ್ತಾಯಿತು, ಅದು ಆ ಹುಡುಗಿಗೂ ಗೊತ್ತಾಯಿತೇ, ಮತ್ತು ಅದನ್ನು ನನಗೆ ದಾಟಿಸಿದ್ದು ಯಾವ ತಂತ್ರ?

ಈ “ಎರಡು ನಿಮಿಷದ ಆರಂಭ” ಎಂಬ ಅಭ್ಯಾಸ ಎಲ್ಲಿಂದ ಬಂತೆಂದು ತಿಳಿದಿದ್ದರೆ ವಿಶ್ಲೇಷಣೆಗೆ ಅನುಕೂಲ. ಬ್ರಿಟನ್ನಿನ ಎ-ಲೆವೆಲ್ (ನಮ್ಮ ಪಿಯುಸಿಗೆ ಸಮಾನವಾದ ಹಂತ) ಮಾಧ್ಯಮ ಅಧ್ಯಯನದ ಹಿಂದಿನ ಪಠ್ಯಗಳಲ್ಲಿ, ಕೇಂಬ್ರಿಜ್ ಇಂಟರ್‌ನ್ಯಾಷನಲ್ ಪಠ್ಯದಲ್ಲಿ ಕೂಡ, ಹೊಸ ಕಥಾಚಿತ್ರವೊಂದರ ಆರಂಭವನ್ನು ಶೀರ್ಷಿಕೆಗಳ ಸಮೇತ ಹೆಚ್ಚೆಂದರೆ ಎರಡು ನಿಮಿಷಕ್ಕೆ ಮಾಡಿ, ಆಮೇಲೆ ತಮ್ಮ ಕೆಲಸವನ್ನು ತಾವೇ ವಿಮರ್ಶಿಸಿಕೊಳ್ಳುವ ಯೋಜನೆ ವರ್ಷಗಳ ಕಾಲ ನಡೆದುಬಂದಿದೆ. ವಿದ್ಯಾರ್ಥಿಗಳು ಇದಕ್ಕೆ ಥ್ರಿಲ್ಲರ್ ಆರಿಸಿಕೊಳ್ಳುವುದು ಹೆಚ್ಚು, ಏಕೆಂದರೆ ಒಬ್ಬಿಬ್ಬರು ನಟರು, ಒಂದು ಖಾಲಿ ಜಾಗ ಮತ್ತು ಸಂಜೆಯ ಹೊತ್ತು ಇದ್ದರೆ ಸಾಕು, ಸಂಭಾಷಣೆ ಬೇಕಿಲ್ಲ. ಸಂಭಾಷಣೆಯ ಧ್ವನಿಮುದ್ರಣವೇ ಕೈಕೊಡುವ ವಯಸ್ಸಿನಲ್ಲಿ ಅದೊಂದು ದೊಡ್ಡ ಅನುಕೂಲ. ಇಂಥ ಚಿತ್ರಗಳು ಅಂತರ್ಜಾಲದಲ್ಲಿ ರಾಶಿ ಬಿದ್ದಿವೆ. ಟೋಪಿಯ ಜಾಕೆಟ್ ತೊಟ್ಟ ಆಗಂತುಕ, ಕಪ್ಪು ಕೈಗವಸು, ಗೋಡೆಗೆ ಅಂಟಿಸಿದ ಫೋಟೋಗಳು, ಕಾಡಿನಲ್ಲಿ ಓಟ ಇವೆಲ್ಲ ಅಲ್ಲಿಂದ ನಮ್ಮ ಕಾಲೇಜುಗಳಿಗೂ ಹರಿದುಬಂದಿವೆ. ನಿಮ್ಮ ಹಿರಿಯರ ಚಿತ್ರದಲ್ಲಿ ಕೈಗವಸು ಮಾತ್ರ ಆ ಸಾಮಾನು. ಉಳಿದಂತೆ ಅವರು ಗ್ರಂಥಾಲಯದ ದಿನಾಂಕದ ಮೊಹರು, ಇಂಕ್ ಪ್ಯಾಡ್, ಪುಸ್ತಕದ ಹಿಂಬದಿಯ ಚೀಟಿ, ಕೊರಳಿನ ಐಡಿ ಕಾರ್ಡ್ ಹೀಗೆ ತಮ್ಮ ಕೈಗೆ ದಿನವೂ ತಾಗುವ ವಸ್ತುಗಳಿಂದಲೇ ಆತಂಕವನ್ನು ಹೊರತೆಗೆಯಲು ಯತ್ನಿಸಿದ್ದಾರೆ. ಪ್ರಕಾರದ ರೂಢಿಗಳನ್ನು ಎಲ್ಲಿ ಪಾಲಿಸಿದ್ದಾರೆ, ಎಲ್ಲಿ ಬಿಟ್ಟಿದ್ದಾರೆ ಎಂಬ ಪ್ರಶ್ನೆಗೆ ನಿಮ್ಮ ಬರಹದಲ್ಲಿ ಇದೇ ಉತ್ತರ ಸಾಕು.

ಈಗ ಚಿತ್ರಕ್ಕೆ ಬರೋಣ. ಮೊದಲ ಎಂಟು ಸೆಕೆಂಡು ತೆರೆ ಕಪ್ಪಾಗಿದೆ; ಸಮಾನ ಅಂತರದಲ್ಲಿ ನಾಲ್ಕು ಬಾರಿ ‘ಠಪ್’ ಎಂಬ ಸದ್ದು ಕೇಳುತ್ತದೆ. ಅದೇನೆಂದು ನಮಗೆ ತಿಳಿಯುವುದಿಲ್ಲ. ಎರಡನೆಯ ಶಾಟ್‌ನಲ್ಲಿ ಮೊಹರು ಚೀಟಿಯ ಮೇಲೆ ಬೀಳುವುದು ಕಂಡಾಗ ಒಗಟು ಬಿಡಿಸಿಕೊಳ್ಳುತ್ತದೆ, ಸದ್ದು ನಿರುಪದ್ರವಿಯಾಗುತ್ತದೆ. ನೀವು ಈ ಭಾಗವನ್ನು “ಶಬ್ದದ ಮೂಲಕ ಕುತೂಹಲ” ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಆದರೆ ಈ ನಾಲ್ಕು ಸದ್ದುಗಳ ನಿಜವಾದ ಕೆಲಸ ಆಗುವುದು ಒಂದು ನಿಮಿಷ ಹದಿನಾಲ್ಕನೆಯ ಸೆಕೆಂಡಿನಲ್ಲಿ. ಆಗ ಹುಡುಗಿ ಮೇಜು ಬಿಟ್ಟು ಕಪಾಟುಗಳ ನಡುವೆ ಪುಸ್ತಕ ಇಡಲು ಹೋಗಿದ್ದಾಳೆ, ಗ್ರಂಥಾಲಯದಲ್ಲಿ ಬೇರೆ ಯಾರೂ ಇಲ್ಲವೆಂದು ಅವಳು ನಂಬಿದ್ದಾಳೆ, ಮತ್ತು ಅವಳು ಬಿಟ್ಟುಬಂದ ಮೇಜಿನ ಕಡೆಯಿಂದ ಅದೇ ‘ಠಪ್’ ಕೇಳುತ್ತದೆ. ತೆರೆಯ ಮೇಲೆ ಏನೂ ನಡೆದಿಲ್ಲ; ಒಬ್ಬಳು ತಲೆ ಎತ್ತಿದ್ದಾಳೆ ಅಷ್ಟೆ. ಆದರೂ ಇಡೀ ಚಿತ್ರದಲ್ಲಿ ನನ್ನ ಬೆನ್ನು ನೆಟ್ಟಗಾದದ್ದು ಅಲ್ಲಿಯೇ. ಮೊದಲು ಮೂಲ ಕಾಣದ ಸದ್ದು, ಆಮೇಲೆ ಅದರ ಮೂಲ, ಕೊನೆಗೆ ಅದೇ ಸದ್ದು ಇರಬಾರದ ಹೊತ್ತಿನಲ್ಲಿ: ಈ ಮೂರು ಹೆಜ್ಜೆಗಳನ್ನು ಸೇರಿಸಿ ಓದಿದಾಗ ಮಾತ್ರ ಮೊದಲ ಎಂಟು ಸೆಕೆಂಡಿನ ಅರ್ಥ ತೆರೆದುಕೊಳ್ಳುತ್ತದೆ. ಒಂದು ತಂತ್ರವನ್ನು ಅದು ಕಂಡ ಜಾಗದಲ್ಲಷ್ಟೇ ವಿವರಿಸಿ ಬಿಡಬಾರದು, ಅದು ಮುಂದೆ ಎಲ್ಲಿ ಫಲ ಕೊಡುತ್ತದೆ ಎಂಬುದನ್ನೂ ಹಿಂಬಾಲಿಸಬೇಕು ಎಂದು ಹೇಳುವುದು ಇದಕ್ಕೇ.

ಇಷ್ಟು ಒಳ್ಳೆಯ ಯೋಚನೆಯನ್ನು ಅವರು ಪೂರ್ತಿ ನಂಬಲಿಲ್ಲ ಎಂಬುದು ನನ್ನ ತಕರಾರು. ಒಂದನೆಯ ನಿಮಿಷದಿಂದ ಕೊನೆಯವರೆಗೆ ಒಂದು ಗಡಸು, ಕೆಳದನಿಯ ಗುಂಯ್‌ಗುಡುವ ಸಂಗೀತ ಹಾಸಿದೆ. ಮೊಹರಿನ ಎರಡನೆಯ ಸದ್ದು ಅದರಡಿ ಅರ್ಧ ಹೂತುಹೋಗಿದೆ. ಫೋನಿನ ಸ್ಪೀಕರಿನಲ್ಲಿ ಕೇಳುವಾಗ ಗುಂಯ್‌ಗುಡುವಿಕೆಯ ಕೆಳಸ್ವರಗಳು ತಾವಾಗಿ ಉದುರಿಹೋಗುವುದರಿಂದ ‘ಠಪ್’ ಚೆನ್ನಾಗಿಯೇ ಕೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕೇಳಿದರೆ ಮಂಕಾಗುತ್ತದೆ. ಎರಡರಲ್ಲೂ ಕೇಳಿ ನೋಡಿ, ವ್ಯತ್ಯಾಸವನ್ನು ಬರಹದಲ್ಲಿ ದಾಖಲಿಸಿ. ಪ್ರಾಯಶಃ ಅವರು ಫೋನಿನಲ್ಲೇ ಸಂಕಲನ ಮಾಡಿ ಫೋನಿನಲ್ಲೇ ಕೇಳಿ ಒಪ್ಪಿಕೊಂಡಿದ್ದಾರೆ.

ಸಂಗೀತದ ಬಗ್ಗೆ ಇನ್ನೊಂದು ಮಾತು. ಕೊನೆಯಲ್ಲಿ ದೀಪ ಆರಿದಾಗ ಕೇಳುವ ಪಿಟೀಲಿನ ಚೀರಾಟವನ್ನು ನೀವು “ಭಯಾನಕ ಸಂಗೀತ” ಎಂದಿದ್ದೀರಿ. ಹಿಚ್‌ಕಾಕ್ ಅವರ 1960ರ ‘ಸೈಕೋ’ ಚಿತ್ರಕ್ಕೆ ಬರ್ನಾರ್ಡ್ ಹರ್ಮನ್ ತಂತಿವಾದ್ಯಗಳನ್ನಷ್ಟೇ ಬಳಸಿ ಸಂಗೀತ ಕೊಟ್ಟ ಮೇಲೆ ಆ ಚೀರಾಟ ಒಂದು ಚಲಾವಣೆಯ ನಾಣ್ಯವಾಗಿಬಿಟ್ಟಿತು. ಸ್ನಾನದ ಮನೆಯ ಆ ಕೊಲೆಯ ದೃಶ್ಯಕ್ಕೆ ಸಂಗೀತವೇ ಬೇಡವೆಂಬುದು ಹಿಚ್‌ಕಾಕ್ ಅವರ ಮೊದಲ ಆಲೋಚನೆಯಾಗಿತ್ತು. ಹರ್ಮನ್ ರಚಿಸಿದ್ದನ್ನು ಕೇಳಿದ ಮೇಲೆ ಮನಸ್ಸು ಬದಲಿಸಿದರು. ಅಂದರೆ ಸಂಗೀತ ಬೇಕೇ ಬೇಡವೇ ಎಂಬುದು ದೊಡ್ಡವರಿಗೂ ದೃಶ್ಯದಿಂದ ದೃಶ್ಯಕ್ಕೆ ತೂಗಿ ನೋಡುವ ವಿಷಯವಾಗಿತ್ತು. ನಿಮ್ಮ ಹಿರಿಯರ ಚಿತ್ರದಲ್ಲಿ ಆ ತೂಗುವಿಕೆ ಕಾಣುವುದಿಲ್ಲ, ಒಂದು ನಿಮಿಷದ ನಂತರ ಮೌನಕ್ಕೆ ಜಾಗವೇ ಇಲ್ಲ. ಇದನ್ನು ಟೀಕೆಯಾಗಿ ಬರೆಯಲು ಹಿಂಜರಿಯಬೇಡಿ.

ನಾಲ್ಕನೆಯ ಶಾಟ್‌ಗೆ ಹೆಚ್ಚು ಜಾಗ ಕೊಡಿ. ಎರಡು ಸಾಲು ಪುಸ್ತಕಗಳ ನಡುವಿನ ಸಂದಿಯಿಂದ, ಚೌಕಟ್ಟಿನ ಎರಡೂ ಅಂಚುಗಳಲ್ಲಿ ಮಸುಕಾದ ಪುಸ್ತಕದ ಬೆನ್ನುಗಳನ್ನು ಇಟ್ಟುಕೊಂಡು, ದೂರದ ಮೇಜಿನಲ್ಲಿ ಕುಳಿತ ಹುಡುಗಿಯನ್ನು ಹನ್ನೆರಡು ಸೆಕೆಂಡು ತೋರಿಸುತ್ತಾರೆ. ನೀವು ಇದನ್ನು “ಯಾರೋ ನೋಡುತ್ತಿರುವ ದೃಷ್ಟಿಕೋನದ ಶಾಟ್” ಎಂದು ಕರೆದಿದ್ದೀರಿ. ನಾಲ್ಕನೆಯ ಶಾಟ್‌ನಲ್ಲಿ ಅದು ಇನ್ನೂ ಹಾಗಿಲ್ಲ. ಚಂದದ ಚೌಕಟ್ಟಿಗಾಗಿ ಮುನ್ನೆಲೆಯಲ್ಲಿ ಏನನ್ನಾದರೂ ಇಟ್ಟು ಚಿತ್ರೀಕರಿಸುವುದು ಎಲ್ಲರ ರೂಢಿ. ಪ್ರೇಕ್ಷಕರು ಅದನ್ನು ಹಾಗೆಯೇ ತೆಗೆದುಕೊಳ್ಳಬಹುದು. ಅನುಮಾನ ಹುಟ್ಟಿಸುವುದು ಅದರ ಉದ್ದ ಮಾತ್ರ. ಅದೇ ಜಾಗದಿಂದ ತೆಗೆದ ಒಂಬತ್ತನೆಯ ಶಾಟ್‌ನಲ್ಲಿ ಎರಡು ಸಂಗತಿಗಳು ಸೇರಿಕೊಳ್ಳುತ್ತವೆ: ಕ್ಯಾಮೆರಾ ಒಂಚೂರು ಅಲುಗುತ್ತದೆ, ಮತ್ತು ತೀರಾ ಹತ್ತಿರದಿಂದ ಉಸಿರಾಟ ಕೇಳುತ್ತದೆ. ಅಲ್ಲಿಯತನಕ ನಮ್ಮ ಕಣ್ಣಾಗಿದ್ದ ಕ್ಯಾಮೆರಾ ಆ ಕ್ಷಣದಲ್ಲಿ ಬೇರೊಬ್ಬರ ಕಣ್ಣಾಗುತ್ತದೆ, ಮತ್ತು ನಾವು ಇಷ್ಟು ಹೊತ್ತೂ ಅವರ ಜೊತೆ ನಿಂತು ನೋಡುತ್ತಿದ್ದೆವೆಂಬ ಅರಿವು ಹಿಮ್ಮುಖವಾಗಿ ನಾಲ್ಕನೆಯ ಶಾಟ್‌ಗೂ ಅಂಟಿಕೊಳ್ಳುತ್ತದೆ. ಸ್ಟ್ಯಾಂಡ್ ಮೇಲಿನ ಕ್ಯಾಮೆರಾ ಮತ್ತು ಕೈಯಲ್ಲಿ ಹಿಡಿದ ಕ್ಯಾಮೆರಾ ಎಂಬ ವ್ಯತ್ಯಾಸಕ್ಕೆ ಇಲ್ಲಿ ಕಥೆಯ ಕೆಲಸವಿದೆ. “ಹ್ಯಾಂಡ್‌ಹೆಲ್ಡ್ ಶಾಟ್ ಅಸ್ಥಿರತೆ ತೋರಿಸುತ್ತದೆ” ಎಂಬ ನಿಮ್ಮ ವಾಕ್ಯ ಇದನ್ನು ಮುಟ್ಟುವುದೇ ಇಲ್ಲ.

ಉದಾಹರಣೆಗೆ ಆ ವಾಕ್ಯದ ಜಾಗದಲ್ಲಿ ಹೀಗೆ ಬರೆಯಬಹುದು: “ಒಂಬತ್ತನೆಯ ಶಾಟ್ ನಾಲ್ಕನೆಯದರ ಚೌಕಟ್ಟನ್ನೇ ಮರುಬಳಸುತ್ತದೆ, ಆದರೆ ಕ್ಯಾಮೆರಾದ ಅಲುಗಾಟ ಮತ್ತು ಉಸಿರಾಟದ ಸದ್ದಿನಿಂದ ಅದಕ್ಕೊಬ್ಬ ಒಡೆಯ ಸಿಗುತ್ತಾನೆ. ಇಲ್ಲಿಂದ ಮುಂದೆ ಹುಡುಗಿಗೆ ತಿಳಿಯದ ಒಂದು ಸಂಗತಿ ಪ್ರೇಕ್ಷಕರಿಗೆ ತಿಳಿದಿರುತ್ತದೆ. ಅವಳು ಕಪಾಟಿನತ್ತ ಇಡುವ ಪ್ರತಿ ಹೆಜ್ಜೆಯೂ ಈ ಕಾರಣಕ್ಕೆ ಭಾರವಾಗುತ್ತದೆ.” ಇದನ್ನು ಬೇರೆ ಚಿತ್ರಕ್ಕೆ ಅಂಟಿಸಲಾಗದು. ತಂತ್ರದ ಹೆಸರು ಇದರಲ್ಲಿ ಹೆಚ್ಚಿಲ್ಲ, ಆದರೂ ತಂತ್ರದ ತಿಳಿವಳಿಕೆ ಪ್ರತಿ ಪದದಲ್ಲಿದೆ.

ಚೀಟಿಯ ಪ್ರಸಂಗ ಇದಕ್ಕಿಂತ ತೊಡಕಿನದು. ಐದನೆಯ ಶಾಟ್‌ನಲ್ಲಿ ಪುಸ್ತಕದ ಹಿಂಬದಿಯ ಚೀಟಿ ಕಾಣುತ್ತದೆ: ಎಡಕ್ಕೆ ದಿನಾಂಕಗಳು, ಬಲಕ್ಕೆ ರಿಜಿಸ್ಟರ್ ನಂಬರುಗಳು, ಕೊನೆಯ ಸಾಲಿನಲ್ಲಿ ನಾಳೆಯ ದಿನಾಂಕ ಮತ್ತು ಅವಳ ಸಂಖ್ಯೆ. ನಾಳೆಯ ದಿನಾಂಕವೇ ಬೆಚ್ಚಿಬೀಳಿಸುತ್ತದೆಂದು ನೀವು ಬರೆದಿದ್ದೀರಿ. ಆದರೆ ಆ ಚೀಟಿಯ ಮೇಲೆ ಹೊಡೆಯುವುದೇ ಪುಸ್ತಕ ಹಿಂದಿರುಗಿಸಬೇಕಾದ ದಿನವನ್ನು. ಮುಂದಿನ ದಿನಾಂಕವಿರುವುದು ಅಲ್ಲಿ ದಿನನಿತ್ಯದ ಸಂಗತಿ. ಹಾಗಾಗಿ ಭಾರವೆಲ್ಲ ಬೀಳುವುದು ಸಂಖ್ಯೆಯ ಮೇಲೆ: ಅವಳು ಎಂದೂ ತೆಗೆದುಕೊಳ್ಳದ ಪುಸ್ತಕದಲ್ಲಿ ಅವಳದೇ ನಂಬರು. ಅದು ಅವಳದೆಂದು ನಮಗೆ ಗೊತ್ತಾಗಬೇಕಾದರೆ ಮೊದಲೇ ಎಲ್ಲೋ ಅದನ್ನು ನಾವು ಓದಿರಬೇಕು. ಚಿತ್ರತಂಡಕ್ಕೆ ಇದು ಹೊಳೆದಿದೆ. ಮೂರನೆಯ ಶಾಟ್‌ನಲ್ಲಿ ಅವಳ ಕೊರಳಿನ ಐಡಿ ಕಾರ್ಡ್ ಮೇಜಿನ ದೀಪದ ಬೆಳಕಿಗೆ ಬರುವಂತೆ ಅವಳನ್ನು ಕೂರಿಸಿದ್ದಾರೆ. ಆದರೆ ಕಾರ್ಡ್ ಬೆಳಕಿನಲ್ಲಿರುವುದು ಒಂದೂವರೆ ಸೆಕೆಂಡು, ಶಾಟ್ ಸೊಂಟದಿಂದ ಮೇಲಿನದು, ಅಂಕಿಗಳು ತೆರೆಯ ಮೇಲೆ ಅಕ್ಕಿಕಾಳಿನಷ್ಟು. ಮೊದಲ ಬಾರಿ ನೋಡುವವರು ಅದನ್ನು ಓದುವುದು ಸಾಧ್ಯವಿಲ್ಲ, ಮತ್ತು ಚಿತ್ರದ ಆರಂಭವನ್ನು ಪ್ರೇಕ್ಷಕರು ನೋಡುವುದು ಒಂದೇ ಬಾರಿ. ಪರಿಣಾಮವಾಗಿ ಐದನೆಯ ಶಾಟ್ ನಮಗೆ ಬರೀ ಒಂದು ಚೀಟಿ. ಆರನೆಯ ಶಾಟ್‌ನಲ್ಲಿ ಅವಳ ಮುಖ ಕಂಡಾಗ ಏನೋ ಎಡವಟ್ಟಾಗಿದೆ ಎಂದಷ್ಟೇ ಊಹಿಸುತ್ತೇವೆ.

ಇಲ್ಲಿ ಮುಖದ ವಿಷಯಕ್ಕೆ ಬರಬೇಕು. “ನಟಿಯ ಅಭಿನಯ ಭಾವಪೂರ್ಣವಾಗಿದೆ” ಎಂದು ನೀವು ಹೊಗಳಿದ್ದೀರಿ. ಆರನೆಯ, ಎಂಟನೆಯ ಮತ್ತು ಹದಿನೈದನೆಯ ಶಾಟ್‌ಗಳಲ್ಲಿ ಅವಳ ಮುಖವನ್ನು ಅಕ್ಕಪಕ್ಕ ಇಟ್ಟು ನೋಡಿ: ಹೆಚ್ಚೇನೂ ಬದಲಾಗಿಲ್ಲ. ತುಸು ತೆರೆದ ಬಾಯಿ, ಅಲುಗದ ಕಣ್ಣು, ಅಷ್ಟೇ. ಆದರೂ ಮೊದಲನೆಯದರಲ್ಲಿ ಗೊಂದಲ, ಎರಡನೆಯದರಲ್ಲಿ ಅನುಮಾನ, ಮೂರನೆಯದರಲ್ಲಿ ಭಯ ನಮಗೆ ಕಾಣುತ್ತದೆ. ನೂರು ವರ್ಷಗಳ ಹಿಂದೆ ರಷ್ಯಾದಲ್ಲಿ ನಿರ್ದೇಶಕ ಲೆವ್ ಕುಲೆಶೋವ್ ನಟನೊಬ್ಬನ ಒಂದೇ ನಿರ್ಭಾವ ಮುಖವನ್ನು ಸೂಪಿನ ಬಟ್ಟಲು, ಶವಪೆಟ್ಟಿಗೆ ಮೊದಲಾದ ಬೇರೆಬೇರೆ ಚಿತ್ರಗಳ ಪಕ್ಕ ಜೋಡಿಸಿ ತೋರಿಸಿದ್ದು ಇದೇ ಗುಟ್ಟನ್ನು. ನೋಡುಗರು ಆ ಮುಖದಲ್ಲಿ ಹಸಿವನ್ನೂ ದುಃಖವನ್ನೂ ಕಂಡರಂತೆ. ನಟನೆ ಕಲಿಯದ ಸಹಪಾಠಿಯನ್ನು ಕ್ಯಾಮೆರಾ ಮುಂದೆ ಕೂರಿಸಿದಾಗ ಹೆಚ್ಚು ಅಭಿನಯಿಸಬೇಡವೆಂದು ಹೇಳಿ ಉಳಿದದ್ದನ್ನು ಸಂಕಲನಕ್ಕೆ ಬಿಡುವುದು ಜಾಣತನ, ಮತ್ತು ಅದನ್ನು ಮಾಡಿದ್ದಕ್ಕಾಗಿ ಹೊಗಳಿಕೆಯ ಪಾಲು ಸಂಕಲನಕಾರರಿಗೂ ಸಲ್ಲಬೇಕು.

ವೇಗದ ಕಟ್ಟಿಂಗ್ ಬಗ್ಗೆ ನಿಮ್ಮಲ್ಲಿ ಒಂದು ಅಂಕಿ ಇದೆ: ಒಟ್ಟು 31 ಶಾಟ್. ಆರಂಭದ ಕಪ್ಪು ತೆರೆಯ ಎಂಟು ಸೆಕೆಂಡು ಬಿಟ್ಟರೆ ಉಳಿಯುವುದು 104 ಸೆಕೆಂಡು, ಅಂದರೆ ಶಾಟ್‌ಗೆ ಸರಾಸರಿ ಮೂರು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು. ಸರಾಸರಿಯಿಂದ ಇಲ್ಲಿ ಏನೂ ತಿಳಿಯದು. ಹುಡುಗಿ ಮೇಜಿನಿಂದ ಏಳುವ ಒಂದನೆಯ ನಿಮಿಷವನ್ನು ಗಡಿಯಾಗಿ ಇಟ್ಟುಕೊಂಡರೆ ಅದಕ್ಕೆ ಮೊದಲಿನ 52 ಸೆಕೆಂಡಿನಲ್ಲಿ 9 ಶಾಟ್, ನಂತರದ 52 ಸೆಕೆಂಡಿನಲ್ಲಿ 22 ಶಾಟ್. ಮೊದಲ ಭಾಗದ ಶಾಟ್ ಹೆಚ್ಚುಕಡಿಮೆ ಆರು ಸೆಕೆಂಡು ನಿಲ್ಲುತ್ತದೆ, ಎರಡನೆಯ ಭಾಗದ್ದು ಎರಡೂ ಚಿಲ್ಲರೆ. ವೇಗ ಎಂಬುದು ಅಂಕಿಯಲ್ಲಿಲ್ಲ, ಈ ಬದಲಾವಣೆಯಲ್ಲಿದೆ; ಆರು ಸೆಕೆಂಡಿಗೆ ಒಗ್ಗಿಕೊಂಡ ಕಣ್ಣಿಗೆ ಎರಡು ಸೆಕೆಂಡು ಅವಸರವೆನಿಸುತ್ತದೆ. ಆದರೆ ಬದಲಾವಣೆ ಆಗುವ ಜಾಗ ಸರಿಯಿದೆಯೇ ಎಂದು ಕೇಳಿಕೊಳ್ಳಿ. ನನ್ನ ಪ್ರಕಾರ ಅದು ಹದಿನಾಲ್ಕು ಸೆಕೆಂಡು ಬೇಗ ಬಂದಿದೆ. ಮೊಹರಿನ ಎರಡನೆಯ ಸದ್ದು ಕೇಳುವವರೆಗೆ ಅವಳ ಲೋಕದಲ್ಲಿ ಅವಸರಕ್ಕೆ ಕಾರಣವಿಲ್ಲ. ಕಾರಣ ಹುಟ್ಟುವ ಮೊದಲೇ ಕಟ್‌ಗಳು ಓಡತೊಡಗಿದ್ದರಿಂದ ಆ ಸದ್ದು ಬಂದಾಗ ಇನ್ನೂ ವೇಗ ಹೆಚ್ಚಿಸಲು ಜಾಗ ಉಳಿದಿಲ್ಲ.

ಈ ಎರಡನೆಯ ಭಾಗದಲ್ಲಿಯೇ 180 ಡಿಗ್ರಿ ನಿಯಮ, ಅಂದರೆ ಪಾತ್ರ ಸಾಗುವ ದಿಕ್ಕಿನ ಕಾಲ್ಪನಿಕ ಗೆರೆಯ ಒಂದೇ ಬದಿಯಲ್ಲಿ ಕ್ಯಾಮೆರಾ ಇರಬೇಕೆಂಬ ನಿಯಮ, ಮುರಿದಿದೆ. ಅವಳು ಮೇಜಿನಿಂದ ಕಪಾಟಿನತ್ತ ತೆರೆಯ ಎಡದಿಂದ ಬಲಕ್ಕೆ ನಡೆಯುತ್ತಾಳೆ. ಹಾಗಾದರೆ ಮೇಜು ನಮ್ಮ ಮನಸ್ಸಿನ ನಕ್ಷೆಯಲ್ಲಿ ಎಡಗಡೆ ಇದೆ. ಸದ್ದು ಕೇಳಿ ಅವಳು ಹಿಂದಿರುಗಿ ನೋಡುವಾಗ ಮುಖ ಎಡಕ್ಕೆ ತಿರುಗಬೇಕು. ಆ ಶಾಟನ್ನು ಓಣಿಯ ಆಚೆ ಬದಿಯಿಂದ ತೆಗೆದಿರುವುದರಿಂದ ಅವಳು ಮತ್ತೆ ಬಲಕ್ಕೇ ನೋಡುತ್ತಾಳೆ, ಮೇಜಿನ ಕಡೆಗಲ್ಲದೆ ಕಪಾಟಿನ ಇನ್ನೂ ಒಳಕ್ಕೆ ನೋಡಿದಂತೆ ಕಾಣುತ್ತದೆ. ನೀವು ಇದನ್ನು “ಪ್ರೇಕ್ಷಕರನ್ನು ಗೊಂದಲಗೊಳಿಸಲು ಬೇಕೆಂದೇ ಮಾಡಿದ ತಂತ್ರ” ಎಂದು ಸಮರ್ಥಿಸಿದ್ದೀರಿ. ದಾರಿ ತಪ್ಪಿದ ಪಾತ್ರದ ದಿಗ್ಭ್ರಮೆ ತೋರಿಸಲು ನಿರ್ದೇಶಕರು ಈ ಗೆರೆಯನ್ನು ದಾಟುವುದುಂಟು, ಒಪ್ಪುತ್ತೇನೆ. ಆದರೆ ಇಲ್ಲಿ ಹುಡುಗಿಗೆ ದಿಕ್ಕು ತಪ್ಪಿಲ್ಲ. ಸದ್ದು ಎಲ್ಲಿಂದ ಬಂತೆಂದು ಅವಳಿಗೆ ಚೆನ್ನಾಗಿ ಗೊತ್ತು, ಗೊತ್ತಿರುವುದೇ ಅವಳ ಭಯದ ಮೂಲ. ಅಪಾಯ ಎಲ್ಲಿದೆಯೆಂದು ಪ್ರೇಕ್ಷಕರಿಗೆ ಖಚಿತವಾಗಿ ತಿಳಿಯಬೇಕಾದ ಒಂದೇ ಕ್ಷಣದಲ್ಲಿ ಚಿತ್ರ ಅದನ್ನು ಮಸುಕುಗೊಳಿಸಿದೆ. ಇಡೀ ಗ್ರಂಥಾಲಯವನ್ನು ತೋರಿಸುವ ಒಂದೇ ಒಂದು ವೈಡ್ ಶಾಟ್ ಮೊದಲೇ ಇದ್ದಿದ್ದರೆ ಈ ತಪ್ಪು ಇಷ್ಟು ಕಾಡುತ್ತಿರಲಿಲ್ಲ. ಹಾಗಾಗಿ ಇದನ್ನು ದೋಷವೆಂದೇ ಬರೆಯಿರಿ.

ಬೇಕೆಂದು ಮಾಡಿದ್ದೋ ತಪ್ಪಿ ಆದದ್ದೋ ಎಂಬ ನಿಮ್ಮ ಪ್ರಶ್ನೆಗೆ ಟ್ಯೂಬ್‌ಲೈಟ್ ಒಳ್ಳೆಯ ಪಾಠ. ಮೊದಲ ಶಾಟ್‌ನ ಓಣಿಯಲ್ಲಿ ಬೆಳಕು ಮಿನುಗುತ್ತದೆ. ಗಮನಿಸಿ ನೋಡಿದರೆ ದೀಪ ಹತ್ತಿ ಆರುತ್ತಿಲ್ಲ. ಅಡ್ಡಡ್ಡವಾದ ಮಬ್ಬು ಪಟ್ಟೆಗಳು ಒಂದೇ ಗತಿಯಲ್ಲಿ ತೆರೆಯ ಮೇಲೆ ಸರಿಯುತ್ತಿವೆ. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು. ಹಳೆಯ ಚೋಕ್‌ನ ಟ್ಯೂಬ್‌ಲೈಟ್ ಸೆಕೆಂಡಿಗೆ ನೂರು ಬಾರಿ ಏರಿಳಿಯುತ್ತದೆ, ಬರಿಗಣ್ಣಿಗೆ ಅದು ಕಾಣದು. ಫೋನಿನ ಕ್ಯಾಮೆರಾ ಸೆಕೆಂಡಿಗೆ 30 ಫ್ರೇಮ್‌ಗೂ ಅರವತ್ತನೇ ಒಂದು ಸೆಕೆಂಡಿನ ಶಟರ್‌ಗೂ (ಪ್ರತಿ ಫ್ರೇಮ್‌ಗೆ ಬೆಳಕು ಒಳಬಿಡುವ ಅವಧಿ) ಹೊಂದಿಕೊಂಡಿದ್ದರೆ ಈ ಏರಿಳಿತಕ್ಕೂ ಅದಕ್ಕೂ ತಾಳೆಯಾಗದೆ ಇಂಥ ಪಟ್ಟೆಗಳು ಮೂಡುತ್ತವೆ. 25 ಫ್ರೇಮ್, ಐವತ್ತನೇ ಒಂದು ಸೆಕೆಂಡಿನ ಶಟರ್ ಇಟ್ಟಿದ್ದರೆ ಮೂಡುತ್ತಿರಲಿಲ್ಲ. ಆದ್ದರಿಂದ ಇದು ಬೇಕೆಂದು ಮಾಡಿದ್ದಲ್ಲವೆಂದು ಸಾಕಷ್ಟು ಧೈರ್ಯವಾಗಿ ಹೇಳಬಹುದು. ಹಾಗೆಂದು ಪರಿಣಾಮ ಸುಳ್ಳಾಗುವುದಿಲ್ಲ. ಪ್ರೇಕ್ಷಕರಿಗೆ ಆ ಓಣಿ ಅಸ್ವಸ್ಥವಾಗಿಯೇ ಕಾಣುತ್ತದೆ. “ನಿರ್ದೇಶಕರು ಮಿನುಗುವ ಬೆಳಕನ್ನು ಬಳಸಿ ಭಯ ಹುಟ್ಟಿಸಿದ್ದಾರೆ” ಎಂಬ ವಾಕ್ಯದಲ್ಲಿ ಸಮಸ್ಯೆ ಇರುವುದು ನಿರ್ದೇಶಕರ ಮನಸ್ಸಿನ ಬಗ್ಗೆ ನೀವು ಮಾಡಿದ ಊಹೆಯಲ್ಲಿ. “ಮಿನುಗುವ ಬೆಳಕು ಓಣಿಯನ್ನು ಅಸ್ಥಿರವಾಗಿಸುತ್ತದೆ, ಆದರೆ ಅದೇ ಪಟ್ಟೆಗಳು ಏಳನೆಯ ಶಾಟ್‌ನಲ್ಲಿ ಅವಳ ಮುಖದ ಮೇಲೂ ಹರಿದು ಗಮನ ಕೆಡಿಸುತ್ತವೆ” ಎಂದು ಬರೆದರೆ ಪರಿಣಾಮವನ್ನೂ ಹೇಳಿದಂತಾಯಿತು, ಅದು ಹತೋಟಿಯಲ್ಲಿರಲಿಲ್ಲವೆಂಬುದನ್ನೂ ಸೂಚಿಸಿದಂತಾಯಿತು. ತಂಡದವರು ನಿಮ್ಮದೇ ಕಾಲೇಜಿನವರಾದ್ದರಿಂದ ನೇರವಾಗಿ ಕೇಳಲೂಬಹುದು, ಆದರೆ ಮೊದಲು ನಿಮ್ಮ ಓದನ್ನು ಬರೆದಿಟ್ಟುಕೊಂಡು ಆಮೇಲೆ ಕೇಳಿ. ಅವರ ವಿವರಣೆ ಮೊದಲೇ ಕಿವಿಗೆ ಬಿದ್ದರೆ ತೆರೆಯ ಮೇಲೆ ಇಲ್ಲದ್ದೂ ಕಾಣತೊಡಗುತ್ತದೆ.

ಬೆಳಕಿನ ಬಗ್ಗೆ ಇನ್ನಷ್ಟು ಮಾತ್ರ. ಕತ್ತಲು ಬಳಸುವುದು ಬೇರೆ, ಬೆಳಕು ಸಾಲದಿರುವುದು ಬೇರೆ. ಮೇಜಿನ ದೀಪ ಇರುವ ಶಾಟ್‌ಗಳಲ್ಲಿ ನಿಜವಾದ ಬಿಳಿ ಇದೆ, ನಿಜವಾದ ಕಪ್ಪೂ ಇದೆ. ಬೆಳಕಿನ ಆ ಚಿಕ್ಕ ವೃತ್ತದಿಂದ ಅವಳು ಎದ್ದುಹೋಗುವುದು ಸುರಕ್ಷಿತ ಜಾಗ ಬಿಟ್ಟಂತೆ ಕಾಣುತ್ತದೆ. ಕಪಾಟುಗಳ ನಡುವಿನ ಶಾಟ್‌ಗಳಲ್ಲಿ ಎಲ್ಲವೂ ಬೂದಿಬಣ್ಣ, ಮೇಲೆ ಸಣ್ಣ ಚುಕ್ಕಿಗಳ ಹರಿದಾಟ. ಫೋನು ಇಲ್ಲದ ಬೆಳಕನ್ನು ಎಳೆದು ತರಲು ಒದ್ದಾಡಿದ ಗುರುತು ಅದು.

ಶೀರ್ಷಿಕೆಗಳನ್ನು ನೀವು ಮರೆತೇಬಿಟ್ಟಿದ್ದೀರಿ. ಚಿತ್ರದ ಆರಂಭ ಎಂಬ ಅಭ್ಯಾಸದಲ್ಲಿ ಅವೂ ಮೌಲ್ಯಮಾಪನದ ಭಾಗ. ತಂಡದವರ ಹೆಸರುಗಳನ್ನು ಚೌಕಟ್ಟಿನ ಖಾಲಿ ಕತ್ತಲೆಯಲ್ಲಿ ಚಿಕ್ಕದಾಗಿ ಇಟ್ಟಿರುವುದು ಹಿತವಾಗಿದೆ, ಆದರೆ ಒಂಬತ್ತನೆಯ ಶಾಟ್‌ನಲ್ಲಿ ಉಸಿರಾಟ ಕೇಳುವ ಹೊತ್ತಿಗೇ ಒಂದು ಹೆಸರು ಮೂಡುತ್ತದೆ; ಕಣ್ಣು ಓದಲು ಹೋದಾಗ ಕಿವಿ ತುಸು ಮಂದವಾಗುತ್ತದೆ. ಕೊನೆಯಲ್ಲಿ ಚಿತ್ರದ ಹೆಸರು ಟೈಪ್‌ರೈಟರಿನಂತೆ ಅಕ್ಷರ ಅಕ್ಷರವಾಗಿ ಬರುತ್ತದೆ. ರೋಮನ್ ಲಿಪಿಗೆಂದು ಮಾಡಿದ ಈ ಚಲನೆ ಕನ್ನಡಕ್ಕೆ ಒಗ್ಗುವುದಿಲ್ಲ: ಮೂಲಾಕ್ಷರ ಮೊದಲು ಬಂದು, ಒತ್ತು ಆಮೇಲೆ ಬಂದು ಅದರಡಿ ಸೇರಿಕೊಳ್ಳುವುದರಿಂದ ಅರ್ಧ ಸೆಕೆಂಡು ಕಾಗುಣಿತ ತಪ್ಪಿದ ಪದವೊಂದು ತೆರೆಯ ಮೇಲೆ ನಿಲ್ಲುತ್ತದೆ. ಸಭಾಂಗಣದಲ್ಲಿ ತೋರಿಸಿದಾಗ ಅಲ್ಲಿ ಯಾರೋ ನಕ್ಕರೆಂದು ನೀವೇ ಬರೆದಿದ್ದೀರಿ. ಸಂಕಲನದ ತಂತ್ರಾಂಶ ಭಾರತೀಯ ಲಿಪಿಗಳನ್ನು ಸರಿಯಾಗಿ ಜೋಡಿಸುವಂಥದ್ದಾದರೆ ಒತ್ತಕ್ಷರಗಳು ಒಡೆಯದೆ ಸರಿಯಾಗಿ ಕೂರುತ್ತವೆ, ಆದರೆ ಚಲನೆಯನ್ನು ಇಡೀ ಪದಕ್ಕೆ ಕೊಡುವುದೇ ಕ್ಷೇಮ.

ಕೊನೆಯ ಕಿರುಚಾಟ ನನಗೆ ಒಪ್ಪಿತವಾಗಲಿಲ್ಲ. ಆರಂಭದ ದೃಶ್ಯ ಮುಂದಿನ ಎರಡು ಗಂಟೆಗೆ ಪ್ರಶ್ನೆಗಳನ್ನು ಬಿಟ್ಟುಕೊಡಬೇಕು. ಇಲ್ಲಿ ಯಾರು, ಏಕೆ, ನಾಳೆ ಏನಾಗುತ್ತದೆ ಎಂಬ ಮೂರು ಪ್ರಶ್ನೆಗಳು ಒಂದು ನಿಮಿಷ ಇಪ್ಪತ್ತನೆಯ ಸೆಕೆಂಡಿಗೇ ಸಿದ್ಧವಾಗಿದ್ದವು. ಅವಳು ಮೇಜಿಗೆ ಮರಳಿ ಹೊಸದಾಗಿ ಮೊಹರು ಬಿದ್ದ ಚೀಟಿ ಕಂಡಾಗ ಹೆಸರು ಬಂದಿದ್ದರೆ ಸಾಕಿತ್ತು. ನಂತರದ ಅರ್ಧ ನಿಮಿಷದಲ್ಲಿ ಕೈಗವಸು, ಓಟ, ಚೀರಾಟ ಬಂದು ಅವಳ ಕಥೆಯನ್ನು ಮುಗಿಸಿಬಿಡುತ್ತವೆ, ಮತ್ತು ಚೀಟಿಯ ಮೇಲಿನ ನಾಳೆಯ ದಿನಾಂಕ ಅರ್ಥ ಕಳೆದುಕೊಳ್ಳುತ್ತದೆ, ಏಕೆಂದರೆ ಅನಾಹುತ ಇವತ್ತೇ ಆಗಿಹೋಯಿತು. ನಿಮ್ಮ ಅಧ್ಯಾಪಕರು ಇದನ್ನು ನೀವು ಗಮನಿಸುತ್ತೀರಾ ಎಂದು ಕಾಯುತ್ತಿರಬಹುದು.

ಬರೆಯಲು ಕೂರುವ ಮೊದಲು ಚಿತ್ರವನ್ನು ಒಮ್ಮೆ ಸದ್ದಿಲ್ಲದೆ ನೋಡಿ, ಒಮ್ಮೆ ತೆರೆಗೆ ಬೆನ್ನು ಮಾಡಿ ಬರೀ ಕೇಳಿ. 1,500 ಪದಗಳಲ್ಲಿ 31 ಶಾಟ್‌ಗಳನ್ನೂ ಹಿಡಿಯಲು ಹೋಗಬೇಡಿ. ನಾಲ್ಕು ಮತ್ತು ಒಂಬತ್ತನೆಯ ಶಾಟ್‌ಗಳ ಜೋಡಿ, ಮೊಹರಿನ ಸದ್ದು, ಚೀಟಿ ಮತ್ತು ಐಡಿ ಕಾರ್ಡ್, ಗೆರೆ ದಾಟಿದ ಶಾಟ್ ಈ ನಾಲ್ಕಕ್ಕೆ ಸಾವಿರ ಪದ ಕೊಟ್ಟು, ಕಟ್ಟಿಂಗ್ ವೇಗದ ಬದಲಾವಣೆ ಮತ್ತು ಅಂತ್ಯಕ್ಕೆ ಉಳಿದದ್ದರಲ್ಲಿ ಹೆಚ್ಚು ಪಾಲು ಇಡಿ. ಶೀರ್ಷಿಕೆ ಮತ್ತು ಬೆಳಕಿಗೆ ಒಂದೊಂದು ಚಿಕ್ಕ ಪ್ಯಾರಾ ಸಾಕು. ಲೋ ಆಂಗಲ್ ಇರುವುದು ಇಪ್ಪತ್ತಮೂರನೆಯ ಶಾಟ್ ಒಂದರಲ್ಲಿ ಮಾತ್ರ, ಅದೂ ಅರ್ಧ ಸೆಕೆಂಡು. ಅದನ್ನು ಕೈಬಿಟ್ಟರೂ ಅಂಕ ಕಡಿಮೆಯಾಗುವುದಿಲ್ಲ.